ಚೆಂಡೆಯ ಪೆಟ್ಟು, ಮೇಣದ ಕಾಲು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಬಂದು, ‘ಹಾಡು, ಕುಣಿತ, ಹರಕೆ, ಪೂಜೆ ಇವುಗಳಿಂದ ಮನುಷ್ಯನಿಗೆ ದೊರೆಯುವುದೇನು ಎಂಬ ವಿಷಯವಾಗಿ ನೀವು ಒಂದು ಭಾಷಣ ಮಾಡಬೇಕು’ ಎಂದಾಗ ನಮಗೆ ನಗು ಬಂದಿತು. ನಾವು ಬಿ.ಕಾಂ. ಓದಿದವರು; ಬ್ಯಾಂಕಿನಲ್ಲಿ ಗುಮಾಸ್ತಿಕೆ. ರಾಗತಾಳಗಳ ಶಾಸ್ತ್ರ ನಮಗೆ ಬಾರದು; ನಾಟ್ಯಶಾಸ್ತ್ರದ ರಟ್ಟನ್ನು ಕೂಡ ಬಿಚ್ಚಿ ನೋಡಿದವರಲ್ಲ. ನಮ್ಮನ್ನೇ ಏಕೆ ಹಿಡಿದರೆಂದರೆ, ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾವು ತುಸು ಗಟ್ಟಿಯಾಗಿ ಮಾತನಾಡಿದ್ದೆವು. ಗಟ್ಟಿಯಾಗಿ ಮಾತನಾಡಿದವನ ತಲೆಗೇ ಕೆಲಸ ಕಟ್ಟುವುದು ಎಲ್ಲ ಸಂಘಗಳ ಪದ್ಧತಿ. ‘ನಾವು, ನಮಗೆ’ ಎಂದು ಹೇಳಿಕೊಳ್ಳುವುದಕ್ಕೂ ತಾವು ಕ್ಷಮಿಸಬೇಕು. ಬ್ಯಾಂಕಿನ ಕಾಗದಗಳಲ್ಲಿ ‘ನಾವು ತಮಗೆ ತಿಳಿಸುವುದೇನೆಂದರೆ’ ಎಂದು ಬರೆದು ಬರೆದು ‘ನಾನು’ ಎಂಬ ಮಾತು ನಮಗೆ ಮರೆತೇ ಹೋಗಿದೆ.

ಸಮಿತಿಯಲ್ಲಿ ನಡೆದ ಚರ್ಚೆ ತಮ್ಮಲ್ಲಿ ಹಲವರಿಗೆ ಗೊತ್ತು. ಊರಿನಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ. ಆಗ ನಮ್ಮ ಸಂಘದ ವತಿಯಿಂದ ಒಂದು ಯಕ್ಷಗಾನ ಆಗುವುದು ಬಹುಕಾಲದ ವಾಡಿಕೆ. ಇನ್ನು ಮುಂದೆ ಅದನ್ನು ನಿಲ್ಲಿಸಿ, ಅದೇ ಹಣದಲ್ಲಿ ಚಿತ್ರಗೀತೆಗಳ ಆರ್ಕೆಸ್ಟ್ರಾ ಇಡೋಣ ಎಂದು ಒಂದು ಸೂಚನೆ ಬಂದಿತು. ಸೂಚನೆ ತಂದವರು ಯಕ್ಷಗಾನದ ವೈರಿಗಳಲ್ಲ. ಅವರು ಕೊಟ್ಟ ಕಾರಣವೂ ಸುಳ್ಳಲ್ಲ. ‘ಮುದುಕರು ಬಂದು ಕೂರುತ್ತಾರೆ, ಮಕ್ಕಳು ಅರ್ಧಕ್ಕೇ ಎದ್ದು ಹೋಗುತ್ತಾರೆ. ಅವರಿಗೆ ಭಾಗವತರ ಪದವೂ ಅರ್ಥವಾಗದು, ವೇಷಧಾರಿಯ ಮಾತೂ ಅರ್ಥವಾಗದು. ಅರ್ಥವಾಗದ್ದನ್ನು ಬಲವಂತವಾಗಿ ತೋರಿಸುವುದು ಯಾವ ನ್ಯಾಯ?’ ಎಂದರು.

ನಾವು ಗಟ್ಟಿಯಾಗಿ ಮಾತನಾಡಿದ್ದು ಆಗಲೇ. ಆದರೆ ಮನೆಗೆ ಬಂದು ಯೋಚಿಸಿದಾಗ, ನಾವು ಕೊಟ್ಟ ಉತ್ತರ ಬರಿಯ ಸಿಟ್ಟಿನದು, ಉತ್ತರವೇ ಅಲ್ಲ ಎಂದು ಕಂಡಿತು. ‘ಅರ್ಥವಾಗುವುದು’ ಎಂದರೇನು? ಮಾತಿನ ಅರ್ಥವೇ ಅರ್ಥವೋ, ಬೇರೆಯೂ ಇದೆಯೋ? ಇದನ್ನು ನಮಗೆ ಮೊದಲು ಕಲಿಸಿದ್ದು ಊರಿನ ಬಯಲಾಟವಲ್ಲ, ನಮ್ಮ ಬಾಂದ್ರಾದ ಗುಡ್ಡ. ಆ ಕಥೆಯಿಂದಲೇ ಪ್ರಾರಂಭಿಸುತ್ತೇವೆ.

ನಮ್ಮ ತಂದೆಯವರು ಕುಂದಾಪುರದ ಕಡೆಯಿಂದ ಹುಡುಗರಾಗಿದ್ದಾಗಲೇ ಇಲ್ಲಿಗೆ ಬಂದು ಹೋಟೆಲಿನಲ್ಲಿ ದುಡಿದವರು. ಕಪ್ಪು ಬಸಿ ತೊಳೆಯುತ್ತ, ಕನ್ನಡದ ರಾತ್ರಿಶಾಲೆಯಲ್ಲಿ ಓದಿದವರು. ಇಲ್ಲಿ ಕುಳಿತ ಅನೇಕರ ತಂದೆಯವರ ಚರಿತ್ರೆಯೂ ಇದೇ ಆದ್ದರಿಂದ ಬೆಳೆಸುವುದಿಲ್ಲ. 1996ರಲ್ಲಿ, ನಮಗೆ ಒಂಬತ್ತು ವರ್ಷವಾಗಿದ್ದಾಗ, ಅಡಿಗೆಮನೆಯ ಒದ್ದೆ ನೆಲದಲ್ಲಿ ಜಾರಿ ಅವರ ಬಲಗಾಲು ಮುರಿಯಿತು. ಖೇರವಾಡಿಯ ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ಪ್ಲಾಸ್ಟರು ಹಾಕಿಸಿಕೊಂಡು ಅವರು ಮಲಗಿದರೆ ಉಳಿದವರಿಗೆ ಕಾಲು ಚಾಚಲು ಸ್ಥಳವಿಲ್ಲ. ಕೆಲಸಕ್ಕೆ ಹೋಗದ ದಿನಕ್ಕೆ ಸಂಬಳವಿಲ್ಲ.

ಪಕ್ಕದ ಕೋಣೆಯಲ್ಲಿ ಮಂಗಳೂರಿನ ಕಡೆಯ ಒಬ್ಬರು ಕ್ರಿಸ್ತ ಹೆಂಗಸು ಇದ್ದರು. ನಮ್ಮ ತಾಯಿ ಅವರನ್ನು ಕರೆಯುತ್ತಿದ್ದುದು ‘ಬಾಯಮ್ಮ’ ಎಂದು. ಅವರು ಒಂದು ದಿನ ನಮ್ಮ ತಾಯಿಯನ್ನೂ ನಮ್ಮನ್ನೂ ಎಬ್ಬಿಸಿಕೊಂಡು ಹೊರಟರು. ಸೆಪ್ಟೆಂಬರ್ ತಿಂಗಳು, ಮೌಂಟ್ ಮೇರಿಯ ಜಾತ್ರೆ. ತಾವೆಲ್ಲ ಬಲ್ಲಿರಿ: ಸೆಪ್ಟೆಂಬರ್ 8 ಮೇರಿ ಮಾತೆಯ ಜನ್ಮದಿನ, ಅದರ ಮುಂದಿನ ಭಾನುವಾರದಿಂದ ಒಂದು ವಾರ ಬಾಂದ್ರಾದ ಗುಡ್ಡ ತುಂಬ ಜನ. ಈಗ ನಿಂತಿರುವ ಇಗರ್ಜಿ 1904ರಲ್ಲಿ ಕಟ್ಟಿದ್ದು. ಅದರ ಹಿಂದಿನ ಕಥೆ ಮಾತ್ರ ಬಹಳ ಹಳೆಯದು. ಮಾತೆಯ ಮೂರ್ತಿ ಸಮುದ್ರದಲ್ಲಿ ಬೆಸ್ತನೊಬ್ಬನಿಗೆ ದೊರೆಯಿತೆಂದು ಐತಿಹ್ಯ. ಕೋಳಿ ಜನ ಆಕೆಯನ್ನು ‘ಮೋತ್ ಮಾವುಲಿ’ ಎನ್ನುತ್ತಾರೆ. ಅಂದರೆ ಅವರಿಗೆ ಆಕೆ ತಮ್ಮ ಮಾತಿನ ತಾಯಿಯೇ.

ಮೆಟ್ಟಿಲ ಇಕ್ಕೆಲದಲ್ಲಿ ಮೇಣದ ಅಂಗಡಿಗಳು. ಮೇಣದ ಕೈ, ಮೇಣದ ಕಾಲು, ಮೇಣದ ಕಣ್ಣು, ಮಕ್ಕಳಿಲ್ಲದವರಿಗೆ ಮೇಣದ ಮಗು, ಮನೆಯಿಲ್ಲದವರಿಗೆ ಮೇಣದ ಮನೆ. (ಮುಂಬಯಿಯಲ್ಲಿ ಈ ಕೊನೆಯದಕ್ಕೇ ಗಿರಾಕಿ ಹೆಚ್ಚೆಂದು ನಮ್ಮ ಅಂದಾಜು.) ನಮ್ಮ ತಾಯಿ ಅಂಜಿಕೊಂಡು ದೊಡ್ಡದೊಂದು ಕಾಲಿಗೆ ಕೈಯಿಟ್ಟರು. ಬಾಯಮ್ಮ ತಡೆದರು: ‘ಸಣ್ಣದು ಸಾಕು ಮಾರಾಯ್ತಿ, ಯಾವ ಕಾಲೂಂತ ಮಾತೆಗೆ ಗೊತ್ತಾಗ್ತದೆ.’

ಒಳಗೆ ಹಾಡುತ್ತಿದ್ದರು. ಯಾವ ಭಾಷೆಯೋ ನಮ್ಮ ತಾಯಿಗೆ ತಿಳಿಯದು. ಇಂಗ್ಲಿಷೋ ಕೊಂಕಣಿಯೋ ಇಂದಿಗೂ ಹೇಳಲಾರರು. ಅವರು ಸೆರಗು ಹೊದ್ದು, ಆ ಗೇಣುದ್ದದ ಕಾಲನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು, ಕಣ್ಣೀರು ಇಳಿಯುತ್ತಿತ್ತು. ಪ್ಲಾಸ್ಟರು ಹಾಕಿದ ದಿನದಿಂದ ಅವರು ಅತ್ತದ್ದನ್ನು ನಾವು ನೋಡಿರಲಿಲ್ಲ. ಅಳುವುದಕ್ಕೆ ಆ ಒಂದು ಕೋಣೆಯಲ್ಲಿ ಸ್ಥಳವಿರಲಿಲ್ಲವೋ ಏನೋ. ಆ ಹಾಡಿನ ಒಂದು ಶಬ್ದವೂ ಅವರಿಗೆ ಅರ್ಥವಾಗಲಿಲ್ಲ. ಆದರೆ ಅದನ್ನು ‘ಅರ್ಥವಾಗದ ಕಾರ್ಯಕ್ರಮ’ ಎಂದು ನಮ್ಮ ಸಮಿತಿಯ ನಡಾವಳಿಯಲ್ಲಿ ಬರೆಯಲು ನಮಗೆ ಧೈರ್ಯವಿಲ್ಲ.

ಮನೆಗೆ ಬಂದ ಮೇಲೆ ಅವರು ಇನ್ನೊಂದು ಹರಕೆ ಹೊತ್ತರು. ಊರಿನ ತಾಯಿ ಮುನಿದುಕೊಂಡಾಳೆಂಬ ಅಂಜಿಕೆ ಇದ್ದಿರಬೇಕು. ಕಾಲು ಸರಿಹೋದರೆ ಮಂದಾರ್ತಿ ದುರ್ಗಾಪರಮೇಶ್ವರಿಯ ಮೇಳದಿಂದ ಒಂದು ಸೇವೆಯಾಟ ಆಡಿಸುತ್ತೇನೆ ಎಂದರು. ಕಾಲು ಸರಿಹೋಯಿತು. ಸರಿಹೋದದ್ದು ಡಾಕ್ಟರರ ಕೈಗುಣದಿಂದ ಎಂದು ತಂದೆಯವರೇ ಹೇಳುತ್ತಿದ್ದರು. ನಮ್ಮ ಅಭಿಪ್ರಾಯವೂ ಅದೇ. ಆದರೆ ಹರಕೆ ಉಳಿಯಿತು. ಸೇವೆಯಾಟವೆಂದರೆ ಮೇಣದ ಕಾಲಿನ ಹಾಗೆ ಅಗ್ಗದ ಮಾತಲ್ಲ. ಮೇಳಕ್ಕೆ ಕೊಡುವ ಹಣ, ಬಂದವರಿಗೆಲ್ಲ ಊಟ, ನೆಂಟರ ಬಟ್ಟೆಬರೆ. ನಮಗೆ 2009ರಲ್ಲಿ ಬ್ಯಾಂಕಿನ ನೌಕರಿಯಾದ ಮೇಲೆ ಹೆಸರು ಬರೆಯಿಸಿದೆವು. ಅಲ್ಲಿ ಹರಕೆಯವರ ಸಾಲು ಎಷ್ಟು ಉದ್ದವಿದೆ ಎಂಬುದನ್ನು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಸರದಿ ಬಂದದ್ದು 2019ರ ಜನವರಿಯಲ್ಲಿ. ತಂದೆಯವರು 2014ರಲ್ಲಿಯೇ ತೀರಿಕೊಂಡಿದ್ದರು.

‘ಅಪ್ಪಯ್ಯನೇ ಇಲ್ಲದ ಮೇಲೆ ಅವರ ಕಾಲಿನ ಹರಕೆ ಯಾರಿಗೆ?’ ಎಂದು ನಾವು ಕೇಳಿದೆವು. ರಜೆಯ ತೊಂದರೆ, ಖರ್ಚಿನ ತೊಂದರೆ, ಕೇಳದೆ ಇರಲಾಗಲಿಲ್ಲ. ತಾಯಿ ಹೇಳಿದ್ದು ಒಂದೇ ಮಾತು: ‘ಹರ್ಕಿ ಅಂದ್ರೆ ಸಾಲ ಮಗಾ. ಸಾಲ ಇಟ್ಕಂಡ್ ಸಾಯೂಕೆ ಆತ್ತಾ?’ ಬ್ಯಾಂಕಿನವರಾದ ನಾವು ಆ ಮಾತಿನ ಮುಂದೆ ಬಾಯಿ ಮುಚ್ಚಿಕೊಂಡೆವು.

ಆ ರಾತ್ರಿಯ ವಿಷಯ ತುಸು ವಿಸ್ತಾರವಾಗಿ ಹೇಳಬೇಕು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ಹಿಂದೆ ಚೌಕಿ. ಇಲ್ಲಿ ಸಭಾಗೃಹದಲ್ಲಿ ಆಟ ನೋಡಿದವರಿಗೆ ಚೌಕಿಯ ಮಹತ್ವ ತಿಳಿಯುವುದಿಲ್ಲ. ಅದನ್ನು ಬಣ್ಣದ ಕೋಣೆ ಎಂದುಕೊಳ್ಳುತ್ತೇವೆ. ಅದು ಬಣ್ಣದ ಕೋಣೆಯೂ ಹೌದು, ದೇವರ ಕೋಣೆಯೂ ಹೌದು. ಆಟಕ್ಕೆ ಮೊದಲು ಅಲ್ಲಿ ಗಣಪತಿಯ ಪೂಜೆ; ಸೇವೆಯವರು ಅಲ್ಲಿಗೆ ಹೋಗಿ ಪ್ರಸಾದ ತೆಗೆದುಕೊಳ್ಳಬೇಕು. ನಮ್ಮ ಮಗಳಿಗೆ ಆಗ ಏಳು ವರ್ಷ. ಹುಟ್ಟಿದ್ದು ಬಾಂದ್ರಾದಲ್ಲಿ, ಓದುವುದು ಇಂಗ್ಲಿಷಿನಲ್ಲಿ, ಆಡುವುದು ಹಿಂದಿಯಲ್ಲಿ, ಅಜ್ಜಿಯೊಡನೆ ಜಗಳಕ್ಕೆ ಮಾತ್ರ ಕನ್ನಡ. ಅವಳು ಚೌಕಿಯಲ್ಲಿ ಒಬ್ಬ ವೇಷಧಾರಿಯ ಎದುರು ಕುಳಿತುಬಿಟ್ಟಳು. ಆತ ಸಣ್ಣ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಿದ್ದ. ನಡುವೆ ಬೀಡಿ ಸೇದಿದ, ಮೊಬೈಲಿನಲ್ಲಿ ಹೆಂಡತಿಯೊಡನೆ ಮಾತನಾಡಿದ. ಕೊನೆಗೆ ಕಿರೀಟ ಕಟ್ಟಿಕೊಂಡು, ಚೌಕಿಯ ದೇವರಿಗೆ ಕೈಮುಗಿದು ಎದ್ದಾಗ ಮಗಳು ತಾನಾಗಿ ಎದ್ದು ದಾರಿ ಬಿಟ್ಟು ನಿಂತಳು. ಹೇಳಿಕೊಟ್ಟವರಿಲ್ಲ.

ಮೊದಲಿಗೆ ಕೋಡಂಗಿ, ಬಾಲಗೋಪಾಲರ ವೇಷ. ಇವು ಮೇಳಕ್ಕೆ ಹೊಸತಾಗಿ ಸೇರಿದ ಹುಡುಗರ ಪಾಠಶಾಲೆ. ಮಾತಿಲ್ಲ, ಕಾಲು ಮಾತ್ರ. ಪುರಾಣ ತಿಳಿದ ಮೇಲೆ ಕುಣಿ ಎಂದು ಯಾವ ಗುರುವೂ ಹೇಳುವುದಿಲ್ಲ. ಕುಣಿದ ಮೇಲೆ ಪುರಾಣ ತಾನಾಗಿ ಬರುತ್ತದೆಂಬ ನಂಬಿಕೆ. ನಮ್ಮ ಶಾಲೆಗಳ ಕ್ರಮ ಇದಕ್ಕೆ ತಲೆಕೆಳಗು.

ಮಗಳು ನಡುರಾತ್ರಿಗೆ ನಿದ್ದೆ ಹೋದಳು. ನಾವೂ ತೂಕಡಿಸಿದೆವೆಂಬುದನ್ನು ಮರೆಮಾಡುವುದಿಲ್ಲ. ಬೆಳಗಿನ ಜಾವ ಚೆಂಡೆ ಏರಿದಾಗ ಎಚ್ಚರವಾಯಿತು. ಮಂಜು ಬಿದ್ದು ಚಾಪೆ ಒದ್ದೆ. ತಾಯಿ ಮಾತ್ರ ರೆಪ್ಪೆ ಮುಚ್ಚದೆ ನೆಟ್ಟಗೆ ಕುಳಿತಿದ್ದರು. ಮಂಗಳವಾಗಿ, ಪ್ರಸಾದ ಕೈಗೆ ಬಂದ ಮೇಲೆ, ಗದ್ದೆಯ ಅಂಚಿನಲ್ಲಿ ಕುಳಿತು ತಮ್ಮ ಕಾಲನ್ನು ಚಾಚಿಕೊಂಡು ಬಹಳ ಹೊತ್ತು ನೀವಿಕೊಂಡರು. ಯಾರ ಕಾಲಿನ ಹರಕೆ, ಯಾರು ನೀವಿಕೊಂಡದ್ದು? ಇದನ್ನು ನಾವು ವಿವರಿಸಲಾರೆವು.

ಹಿಂದಿರುಗುವಾಗ ಮತ್ಸ್ಯಗಂಧ ರೈಲಿನಲ್ಲಿ ಮಗಳು ಹಲಗೆಯ ಮೇಲೆ ಬೆರಳಿನಿಂದ ಏನೋ ಬಾರಿಸುತ್ತಿದ್ದಳು. ಕಥೆ ಏನಾಯಿತು ಎಂದರೆ ಹೇಳಲಾರಳು. ದೇವಿ ಯಾರನ್ನು ಕೊಂದಳು ಎಂದರೆ ‘ಆ ಕೆಂಪಿನವನನ್ನು’ ಎಂದಳು. ಆದರೆ ತಾಳ! ನಾವು ಜೊತೆಗೂಡಿ ತಪ್ಪಾಗಿ ಬಾರಿಸಿದಾಗ ಕೈಹಿಡಿದು ತಿದ್ದಿದಳು. ಆರು ಗಂಟೆ ನಿದ್ದೆ ಮಾಡಿದ ಹುಡುಗಿ!

ಇಷ್ಟರಿಂದ, ಮಾತು ಬೇಡ, ತಾಳವೊಂದೇ ಸಾಕು ಎಂದು ನಾವು ಹೇಳುತ್ತೇವೆಂದು ತಾವು ತಿಳಿಯಬಾರದು. ಅದಕ್ಕೆ ಮುಂದೆ ಬರುತ್ತೇವೆ. ಅದಕ್ಕೆ ಮೊದಲು ಒಂದು ಮಾತು ನಿಶ್ಚಯವಾಗಲಿ: ಕಿವಿ, ಕಾಲು, ಕೈಗಳಿಂದ ತಿಳಿಯುವ ತಿಳಿವೂ ಒಂದು ತಿಳಿವು, ಅದು ಭಾಷೆಯ ಗಡಿಯಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಪ್ರಮಾಣ ಬೇಕಾದವರು ಬೆಳಿಗ್ಗೆ ಲೋಕಲ್ ಗಾಡಿ ಹತ್ತಿರಿ. ವಿರಾರದಿಂದ ಬರುವ ಡಬ್ಬಿಯಲ್ಲಿ ಭಜನೆಯ ಮಂಡಳಿಗಳುಂಟು. ತಾಳ ಹಿಡಿದು, ಡಬ್ಬಿಯ ತಗಡನ್ನೇ ಮೃದಂಗ ಮಾಡಿಕೊಂಡು ಮರಾಠಿ ಅಭಂಗ ಹಾಡುತ್ತಾರೆ. ನಾವು ಬಾಂದ್ರಾದಲ್ಲಿ ಹತ್ತುವಾಗ ನಿಲ್ಲುವುದಕ್ಕೆ ಒಂದು ಪಾದದಷ್ಟು ಸ್ಥಳ. ಎರಡನೆಯ ಪಾದಕ್ಕೆ ನೆಲ ದೊರೆಯುವ ಮೊದಲೇ ನಮ್ಮ ಕೈ ತಾಳ ಹಾಕುತ್ತಿರುತ್ತದೆ. ಅವರ ವಿಠ್ಠಲ ಕನ್ನಡದವನೆಂದು ಜ್ಞಾನೇಶ್ವರರೇ ಹಾಡಿದ್ದಾರೆ. ಪುರಂದರದಾಸರ ಅಂಕಿತದಲ್ಲಿ ಇರುವವನೂ ಅವನೇ. ಗದಗಿನ ಕಡೆಯಿಂದ ಹೊರಟ ಭೀಮಸೇನ ಜೋಶಿಯವರು ಸಂತವಾಣಿ ಹಾಡಿದಾಗ ಮಹಾರಾಷ್ಟ್ರ ಅವರನ್ನು ‘ನೀವು ಯಾವ ಊರಿನವರು’ ಎಂದು ಕೇಳಲಿಲ್ಲ. 2008ರಲ್ಲಿ ಅವರಿಗೆ ಭಾರತರತ್ನ ಎಂದು ಸಾರಿದಾಗ, ನಮ್ಮ ನೆರೆಯ ಮರಾಠಿ ಮನೆಯವರು ನಮಗೇ ಪೇಢೆ ತಂದುಕೊಟ್ಟರು. ನಾವು ಅವರಿಗೆ ಕೊಡಬೇಕೆಂದಿದ್ದೆವು.

ಮೂಲ್ಕಿಯ ಕಡೆಯವರು ಬಪ್ಪನಾಡಿನ ಡೋಲನ್ನು ನೆನೆಯುತ್ತಿರಬಹುದು. ಶಾಂಭವಿ ನದಿಯಲ್ಲಿ ದೋಣಿ ನಿಂತುಹೋದ ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕನೇ ಆ ದುರ್ಗೆಗೆ ಗುಡಿ ಕಟ್ಟಿಸಿದನೆಂದು ಪ್ರತೀತಿ. ಊರಿನ ಹೆಸರಿನಲ್ಲಿಯೇ ಅವನು ಕುಳಿತಿದ್ದಾನೆ. ಇಲ್ಲಿ ನಮ್ಮ ಖಾಡಿಯ ಆಚೆ ಮಾಹಿಮದಲ್ಲಿ, ಮಖ್ದೂಮ್ ಅಲಿ ಮಾಹಿಮಿಯವರ ಉರೂಸಿಗೆ ಡಿಸೆಂಬರಿನಲ್ಲಿ ಮೊದಲ ಚಾದರ ಹೊರುವವರು ಮುಂಬಯಿಯ ಪೋಲೀಸರು. ಹೊರುವ ಪೋಲೀಸನ ಜಾತಿಮತವನ್ನು ಯಾರೂ ವಿಚಾರಿಸುವುದಿಲ್ಲ. ಮತ್ತೆ ಬಾಯಮ್ಮನವರ ವಿಷಯಕ್ಕೆ ಬಂದರೆ, ಸೆಪ್ಟೆಂಬರ್ 8 ಅವರಿಗೆ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರಬೇಕು, ಹೊಸ ಅಕ್ಕಿಯನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಹಾಕಬೇಕು, ಅಂದು ಮೀನು ಮಾಂಸವಿಲ್ಲ. ನಮ್ಮಲ್ಲಿ ಅದೇ ಕೆಲಸಕ್ಕೆ ಕದಿರು ಕಟ್ಟುವುದು, ಹೊಸ್ತು ಎನ್ನುತ್ತೇವೆ. ತುಳುವರು ಪುದ್ವಾರ್ ಎನ್ನುತ್ತಾರೆ. ಚಾಳಿನ ಎರಡು ಬಾಗಿಲಿಗೂ ಒಂದೇ ಬುಟ್ಟಿಯ ತೆನೆ ಕಟ್ಟಿದ್ದನ್ನು ನಾವು ನೋಡಿದ್ದೇವೆ. ಗದ್ದೆ ಯಾರಿಗೂ ಇರಲಿಲ್ಲ.

ಹಾಗಾದರೆ ಎಲ್ಲವನ್ನೂ ಎಲ್ಲಿ ಬೇಕಾದರೂ ಒಯ್ಯಬಹುದೆ? ಇಲ್ಲ. ಇಲ್ಲಿ ನಾವು ನಮ್ಮ ಸಂಘದ ಒಂದು ತಪ್ಪನ್ನೇ ಹೇಳಬೇಕಾಗಿದೆ. ತಪ್ಪು ಮಾಡಿದವರಲ್ಲಿ ನಾವೂ ಒಬ್ಬರು.

2022ರಲ್ಲಿ ‘ಕಾಂತಾರ’ ಚಿತ್ರ ಬಂದಿತು. ಮುಂಬಯಿಯ ಮಕ್ಕಳೆಲ್ಲ ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ ಕೂಗು ಹಾಕುವುದೇ ಹಾಕುವುದು. ಆ ವರ್ಷದ ರಾಜ್ಯೋತ್ಸವದ ವೇಷಸ್ಪರ್ಧೆಯಲ್ಲಿ ಒಬ್ಬ ಬಾಲಕ ದೈವದ ವೇಷ ಹಾಕಿಕೊಂಡು ಬಂದು ಕುಣಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮುಂದಿನ ಸಾಲಿನಲ್ಲಿದ್ದ ತುಳುನಾಡಿನ ಹಿರಿಯರೊಬ್ಬರು ಮೆಲ್ಲನೆ ಎದ್ದು ಹೊರಗೆ ಹೋದರು. ಬಹುಮಾನ ವಿತರಣೆಯಾದ ಮೇಲೆ ನಾವು ಹುಡುಕಿಕೊಂಡು ಹೋದರೆ ಗೇಟಿನ ಬಳಿ ನಿಂತಿದ್ದರು. ‘ಅದು ವೇಷ ಅಲ್ಲ ಮಾರಾಯರೆ’ ಎಂದರು. ಅಷ್ಟೇ.

ಆ ಮಾತಿನ ತೂಕ ನಮಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಯಕ್ಷಗಾನದಲ್ಲಿ ಮನುಷ್ಯ ದೇವಿಯ ಪಾತ್ರ ಮಾಡುತ್ತಾನೆ. ಮಾಡಿ, ಬಣ್ಣ ತೆಗೆದು, ಚಹಾ ಕುಡಿಯುತ್ತಾನೆ. ಕೋಲದಲ್ಲಿ ಪಾತ್ರವಿಲ್ಲ. ವ್ರತವಿದ್ದು, ಗಗ್ಗರ ಕಟ್ಟಿದ ಮೇಲೆ ಅಲ್ಲಿ ನಿಂತಿರುವುದು ದೈವ ಎಂದೇ ಊರು ತಿಳಿಯುತ್ತದೆ. ದೈವ ಕೊಟ್ಟ ನುಡಿಗೆ ಜಮೀನಿನ ಜಗಳಗಳು ಮುಗಿದುಹೋಗುತ್ತವೆ. ಗಗ್ಗರ ಕಟ್ಟುವ ಹಕ್ಕು ನಲಿಕೆ, ಪಂಬದ, ಪರವ ಸಮಾಜದವರದು. ಇಲ್ಲಿ ಇನ್ನೊಂದು ಮಾತನ್ನೂ ನುಂಗಬಾರದು. ರಾತ್ರಿ ಯಾರ ಮುಂದೆ ಗುತ್ತಿನ ಯಜಮಾನರು ಕೈಕಟ್ಟಿ ನಿಲ್ಲುತ್ತಿದ್ದರೋ, ಬೆಳಗಾದ ಮೇಲೆ ಅದೇ ಮನುಷ್ಯ ಅವರ ಅಂಗಳದ ಹೊರಗೇ ನಿಲ್ಲಬೇಕಾಗಿತ್ತು. ಆಚರಣೆ ಒಂದು ರಾತ್ರಿಯ ಮಟ್ಟಿಗೆ ಕೊಟ್ಟ ಗೌರವವನ್ನು ಸಮಾಜ ಹಗಲಿಗೆ ದಾಟಿಸಲಿಲ್ಲ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವೆಂದು ಕರ್ನಾಟಕ ಸರಕಾರ ಸಾರಿದ್ದು 2022ರಲ್ಲಿ, ಆ ಚಿತ್ರ ಬಂದ ಮೇಲೆ. ಚಿತ್ರದ ಮೊದಲು ನಾವು ಕಣ್ಣುಮುಚ್ಚಿಕೊಂಡಿದ್ದೆವೆಂದೇ ಅರ್ಥವಲ್ಲವೆ?

ಆದ್ದರಿಂದ ಚೌಕಟ್ಟು ಬದಲಾಯಿಸಿದರೂ ಬದುಕುವುದು ಯಾವುದು, ಬದಲಾಯಿಸಿದರೆ ಸಾಯುವುದು ಯಾವುದು ಎಂಬ ವಿವೇಕ ಬೇಕು. ಯಕ್ಷಗಾನಕ್ಕೆ ಆ ಶಕ್ತಿಯಿದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬುದು 2000ದ ನಿಯಮ. ಅದರ ಮೇಲೆ ಕೊನೆಯ ಲೋಕಲ್ ಹಿಡಿಯುವ ಚಿಂತೆ. ಹೀಗಾಗಿ ಮುಂಬಯಿಯಲ್ಲಿ ಆಟ ಮೂರು ಗಂಟೆಗೆ ಇಳಿಯಿತು. ಊರಿನಲ್ಲಿಯೇ ಕೆಲವು ಮೇಳಗಳು ಈಗ ಕಾಲಮಿತಿಗೆ ಬಂದಿವೆ. ನಷ್ಟವಿದೆ, ಇಲ್ಲವೆನ್ನುವುದಿಲ್ಲ, ಬೆಳಗಿನ ಜಾವದ ಚೆಂಡೆ ಸಂಜೆ ಏಳಕ್ಕೆ ಕೇಳಿದರೆ ಬೇರೆಯೇ. ಆದರೆ ಜೀವ ಹೋಗಿಲ್ಲ. ಹೋಗುವುದಿದ್ದರೆ ಅದು ನಮ್ಮ ಸನ್ಮಾನಗಳಿಂದ. ಮೂರು ಗಂಟೆಯ ಆಟದ ನಡುವೆ ಮುಕ್ಕಾಲು ಗಂಟೆ ಶಾಲು, ಹಾರ, ಸ್ಮರಣಿಕೆ, ದಾನಿಗಳ ಹೆಸರು. ಮಕ್ಕಳು ಎದ್ದು ಹೋಗುವುದು ಯಾವ ಹೊತ್ತಿನಲ್ಲಿ ಎಂದು ಈ ಸಲ ನಾವು ಬಾಗಿಲಲ್ಲಿ ನಿಂತು ನೋಡಿದೆವು. ಭಾಗವತರು ಹಾಡುವಾಗ ಅಲ್ಲ.

ಈಗ, ಮುಂದೆ ಹೇಳುತ್ತೇವೆಂದು ಬಿಟ್ಟ ಮಾತಿಗೆ ಬರೋಣ. ಭಾಷೆ ಹೋದರೂ ತಾಳ ಉಳಿದರೆ ಸಾಕೆ?

ಕೆಲವು ವರ್ಷಗಳ ಹಿಂದೆ ಬ್ಯಾಂಕಿನ ಸ್ನೇಹಿತರ ಮದುವೆಗೆಂದು ಯಲ್ಲಾಪುರಕ್ಕೆ ಹೋಗಿದ್ದೆವು. ಅಲ್ಲಿ ಸಿದ್ದಿಯರ ಡಮಾಮಿ ಕುಣಿತ ನೋಡುವ ಯೋಗ ಬಂದಿತು. ಇವರ ಪೂರ್ವಿಕರು ಪೂರ್ವ ಆಫ್ರಿಕದವರು. ಪೋರ್ತುಗೀಸರ ಮತ್ತು ಅರಬರ ಹಡಗುಗಳಲ್ಲಿ ಗುಲಾಮರಾಗಿ ಬಂದು, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸುತ್ತ ಇದ್ದಾರೆ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಅವರಲ್ಲಿ ಉಂಟು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದರು. ಮನೆಯಲ್ಲಿ ಆಡುವುದು ಒಂದು ಬಗೆಯ ಕೊಂಕಣಿ, ಹೊರಗೆ ಕನ್ನಡ. ತಮ್ಮ ಪೂರ್ವಿಕರ ಭಾಷೆ ಅವರಿಗೆ ಉಳಿದಿಲ್ಲ. ಉಳಿದದ್ದು ಆ ಡೋಲು, ಆ ಕಾಲಿನ ಗತಿ. ಗುಜರಾತಿನ ಸಿದ್ದಿಯರು ಭರೂಚ್ ಜಿಲ್ಲೆಯ ರತನಪುರದಲ್ಲಿ ಬಾವಾ ಗೋರ್ ಎಂಬ ಸಂತನ ಗೋರಿಯ ಮುಂದೆ ಕುಣಿಯುತ್ತಾರೆ. ಆ ಕುಣಿತವನ್ನು ಅವರು ‘ಗೋಮ’ ಎನ್ನುತ್ತಾರೆ. ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ‘ಙೋಮ’ ಎಂದರೆ ಡೋಲು. ಭಾಷೆಯೆಲ್ಲ ಮುಳುಗಿದ ಮೇಲೂ ಡೋಲಿನ ಹೆಸರೊಂದು ಮರದ ತುಂಡಿನ ಹಾಗೆ ತೇಲಿ ದಡಕ್ಕೆ ಬಂದಿದೆ.

ಯಲ್ಲಾಪುರದಲ್ಲಿ ಆ ಡೋಲು ಕೇಳುವಾಗ ನಮಗೆ ಮೊದಲು ಆನಂದವಾಯಿತು. ಆ ಮೇಲೆ ಭಯವಾಯಿತು. ಅವರ ಭಾಷೆಯನ್ನು ಕಸಿದುಕೊಂಡರು. ಮಾರಿದರು, ಕೊಂಡರು, ತಾಯಿಯೊಂದು ಕಡೆ ಮಗುವೊಂದು ಕಡೆ ಮಾಡಿದರು. ಅಂಥದರಲ್ಲೂ ಅವರು ಡೋಲನ್ನು ಬಿಡಲಿಲ್ಲ. ನಮ್ಮಿಂದ ಕನ್ನಡವನ್ನು ಯಾರು ಕಸಿದುಕೊಂಡರು? ನಮ್ಮನ್ನು ಯಾರೂ ಹಡಗಿನಲ್ಲಿ ಕಟ್ಟಿ ತರಲಿಲ್ಲ. ಟಿಕೆಟು ಕೊಂಡು ಬಂದೆವು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚಿದುವು ಎಂದು ಭಾಷಣ ಮಾಡುತ್ತೇವೆ. ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸದೆ ಇದ್ದವರು ನಾವೇ. ನಾವು ಎಂದರೆ ಇಲ್ಲಿ ಬ್ಯಾಂಕಿನ ‘ನಾವು’ ಅಲ್ಲ. ಇಲ್ಲಿರುವ ನಾವೆಲ್ಲರೂ.

1956ರ ನವೆಂಬರ್ 1ರಂದು ಕನ್ನಡದ ಭೂಪಟ ಬರೆದಾಗ ಕಾಸರಗೋಡು ಹೊರಗುಳಿಯಿತು. ಯಕ್ಷಗಾನದ ಪಿತಾಮಹನೆಂದು ಸಂಪ್ರದಾಯ ಕೊಂಡಾಡುವ ಪಾರ್ತಿಸುಬ್ಬನ ಕುಂಬಳೆ ಆ ಹೊರಗುಳಿದ ನೆಲದಲ್ಲಿದೆ. ಅಲ್ಲಿ ಇಂದಿಗೂ ಆಟ ಆಗುತ್ತದೆ, ತಾಳಮದ್ದಲೆ ಆಗುತ್ತದೆ, ಮಕ್ಕಳು ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಹಿರಿಯರು ಇಲ್ಲಿದ್ದರೆ ಆ ರುಚಿಯನ್ನು ನಮಗಿಂತ ಚೆನ್ನಾಗಿ ಹೇಳಬಲ್ಲರು. ಅವರು ಕಾಸರಗೋಡಿನ ಕಡೆಯವರೇ. ಕುಣಿತದ ಮನೆಯಿಂದಲೇ ಮಾತಿನ ಮನೆಗೆ ಒಂದು ಬಾಗಿಲು ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನಮಗೆ ಬೇಡ. ಆರ್ಕೆಸ್ಟ್ರಾದಲ್ಲಿ ಆ ಬಾಗಿಲು ಇಲ್ಲ. ಇದ್ದರೂ ನಮಗೆ ಕಂಡಿಲ್ಲ.

ಆದುದರಿಂದ ಸಮಿತಿಯ ಮುಂದೆ ನಮ್ಮ ಮಾತು ಇಷ್ಟು. ಆಟ ನಿಲ್ಲಿಸುವುದು ಬೇಡ. ಸನ್ಮಾನವನ್ನು ಆಟದ ನಡುವಿನಿಂದ ತೆಗೆದು ಬೇರೆ ದಿನಕ್ಕೆ ಹಾಕೋಣ; ಶಾಲು ಕಾಯಬಲ್ಲದು. ಆಟದ ದಿನ ಮಕ್ಕಳನ್ನು ಎರಡು ಗಂಟೆ ಮುಂಚೆ ಕರೆತಂದು ಚೌಕಿಯಲ್ಲಿ ಕೂರಿಸೋಣ. ಮತ್ತು ಚೆಂಡೆ ಮದ್ದಲೆಯ ಒಂದು ತರಗತಿ ಬೇಕು. ಕಲಿಸುವವರು ಕನ್ನಡದಲ್ಲಿಯೇ ಗದರಿಸಬೇಕು. ‘ಇನ್ನೊಮ್ಮೆ’, ‘ತಪ್ಪು’, ‘ಕೈ ಸಡಿಲ ಬಿಡು’, ‘ಕೇಳು ಮೊದಲು’ ಎಂಬ ನಾಲ್ಕು ಮಾತು ಕೈಯೊಡನೆ ಒಳಗೆ ಹೋದರೆ, ಐದನೆಯದು ಭಾಗವತರ ಪದವಾಗಲಿ. ನಮ್ಮ ಮಗಳು ಈಗ ದೊಡ್ಡವಳಾಗಿದ್ದಾಳೆ. ಆ ರೈಲಿನ ತಾಳವನ್ನು ಬಿಟ್ಟಿಲ್ಲ. ಮೊನ್ನೆ ಅಜ್ಜಿಯ ಹತ್ತಿರ ಹೋಗಿ, ‘ಆ ಕೆಂಪಿನವನ ಹೆಸರೇನು?’ ಎಂದು ಕೇಳಿದಳು. ಐದು ವರ್ಷಕ್ಕೂ ಹೆಚ್ಚು ಹಿಡಿಯಿತು ಆ ಪ್ರಶ್ನೆಗೆ. ಅಜ್ಜಿ ಹೆಸರು ಹೇಳಿ ನಿಲ್ಲಿಸಲಿಲ್ಲ. ಕುಕ್ಕರು ನಾಲ್ಕು ಸಲ ಕೂಗಿದರೂ ಕಥೆ ಮುಗಿಯಲಿಲ್ಲ.

ಬಾಯಮ್ಮನವರು ಈಗ ಮಗನ ಜೊತೆ ವಸಯಿಯಲ್ಲಿದ್ದಾರೆ. ಮುಪ್ಪಿನಿಂದ ಮೊಣಕಾಲು ಹಿಡಿದುಕೊಂಡಿದೆ, ಗುಡ್ಡ ಹತ್ತಲಾರರು. ಹೋದ ಜಾತ್ರೆಯಲ್ಲಿ ನಮ್ಮ ತಾಯಿ ಅವರ ಹೆಸರಿನಲ್ಲಿ ಒಂದು ಜೊತೆ ಮೇಣದ ಕಾಲು ಒಯ್ದು ಇಟ್ಟು ಬಂದರು. ಸಣ್ಣವೇ.

ತರಗತಿ ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ, ಇದೇ ಕೋಣೆಯಲ್ಲಿ. ಮೊದಲ ತಿಂಗಳು ಮರದ ಹಲಗೆಯ ಮೇಲೆ ಅಭ್ಯಾಸ, ನೆರೆಯವರು ಗಾಬರಿಪಡಬೇಕಾಗಿಲ್ಲ. ಚೆಂಡೆಯನ್ನು ಎರವಲು ತರುತ್ತಿದ್ದೇವೆ, ಏಳರೊಳಗೆ ಹಿಂದಿರುಗಿಸಬೇಕಾಗಿದೆ. ಆದ್ದರಿಂದ ದಯವಿಟ್ಟು ನಾಲ್ಕು ಎಂದರೆ ನಾಲ್ಕಕ್ಕೇ ಬರಬೇಕು. ಉಪಾಹಾರ ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ಬಾಗಿಲಿನಿಂದ ಸನ್ನೆ ಮಾಡುತ್ತಿದ್ದಾರೆ.